ಟಪಾಲಿನ ಸಾಣಿಗೆ ಎಲ್ಲಿರಬೇಕು, ಯಾರ ಕೈಯಲ್ಲಿರಬೇಕು

ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಗೆ ಬರುವ ಲಕೋಟೆಯ ಮೇಲಿನ ಪಿನ್ ಕೋಡ್ 582ರಿಂದ ಶುರುವಾಗುತ್ತದೆ. ಮೊದಲ ಅಂಕಿ ದೇಶದ ವಲಯವನ್ನು, ಮೊದಲೆರಡು ಸೇರಿ ಉಪವಲಯವನ್ನು, ಮೂರೂ ಸೇರಿ ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತವೆ. ಉಳಿದ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯವು. ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಈ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಇದರಲ್ಲಿ ಗಮನಿಸಬೇಕಾದ ಸಂಗತಿ ಎರಡು. ವಿಂಗಡಣೆ ನಡೆಯುವುದು ಪತ್ರ ಬಂದು ಇಳಿಯುವ ಜಾಗದಲ್ಲಿ. ಅಂಚೆಯವರು ಚೀಲವನ್ನು ನಮ್ಮ ಪಡಸಾಲೆಯಲ್ಲಿ ಸುರಿದು ಆರಿಸಿಕೊಳ್ಳಿ ಎನ್ನುವುದಿಲ್ಲ. ಇನ್ನೊಂದು, ವಿಂಗಡಣೆಯ ನಿಯಮ ಗುಟ್ಟಿನದಲ್ಲ. ಆರು ಅಂಕಿಯ ಅರ್ಥ ಯಾರು ಬೇಕಾದರೂ ಓದಿಕೊಳ್ಳಬಹುದು, ತಪ್ಪಿದ್ದರೆ ತೋರಿಸಬಹುದು. ಇ-ಮೇಲ್ ಎಂಬ ಹೊಸ ಟಪಾಲಿಗೂ ಈ ಎರಡು ಗುಣ ಬೇಕು ಎಂಬುದೇ ಈ ಅಧ್ಯಾಯದ ವಾದ. ಸಾಣಿಗೆ ಸರ್ವರ್‌ನಲ್ಲಿರಬೇಕು, ಅದರ ಹಿಡಿ ಮಾತ್ರ ಪತ್ರದ ಒಡೆಯರ ಕೈಯಲ್ಲಿ, ಓದಬಲ್ಲ ಬರಹದ ರೂಪದಲ್ಲಿ ಇರಬೇಕು.

ಶಿಗ್ಲಿ ಮಗ್ಗದ ಊರು. ಅಂಥ ಊರಿನ ಒಂದು ನೇಕಾರರ ಸಹಕಾರ ಸಂಘವನ್ನು ಊಹಿಸಿಕೊಳ್ಳೋಣ. ಅದರ ಒಂದೇ ಇ-ಮೇಲ್ ವಿಳಾಸಕ್ಕೆ ನೂಲಿನ ದರಪಟ್ಟಿ, ಬ್ಯಾಂಕಿನ ಸೂಚನೆ, ಜಿಎಸ್‌ಟಿ ನೆನಪೋಲೆ, ಇಲಾಖೆಯ ಸುತ್ತೋಲೆ, ಸೀರೆ ಕೊಳ್ಳುವವರ ವಿಚಾರಣೆ, ಇವುಗಳ ನಡುವೆ ಯಾರೂ ಕೇಳದ ಜಾಹೀರಾತು ಎಲ್ಲವೂ ಬಂದು ಬೀಳುತ್ತವೆ. ಕಚೇರಿಯ ಕಂಪ್ಯೂಟರಿನಲ್ಲಿರುವ ಮೇಲ್ ತಂತ್ರಾಂಶಕ್ಕೆ ವಿಂಗಡಿಸುವ ಕೆಲಸ ಒಪ್ಪಿಸಿದರೆ ಏನಾಗುತ್ತದೆ? ಆ ಕಂಪ್ಯೂಟರ್ ಚಾಲೂ ಇದ್ದಾಗ ಮಾತ್ರ ವಿಂಗಡಣೆ. ಕರೆಂಟ್ ಹೋದರೆ, ರವಿವಾರ ಕಚೇರಿ ಮುಚ್ಚಿದ್ದರೆ, ಕಾರ್ಯದರ್ಶಿಯ ಫೋನಿಗೆ ಎಲ್ಲವೂ ಕಲಸಿದಂತೆಯೇ ಬರುತ್ತವೆ. ಫೋನಿನಲ್ಲೊಂದು ನಿಯಮ, ಕಂಪ್ಯೂಟರಿನಲ್ಲೊಂದು ನಿಯಮ ಇಟ್ಟರೆ ಒಂದೇ ಪತ್ರವನ್ನು ಎರಡು ಕೈಗಳು ಎರಡು ಕಡೆ ಎಳೆಯುತ್ತವೆ. ಐಮ್ಯಾಪ್ ಪದ್ಧತಿಯಲ್ಲಿ ಪತ್ರಗಳ ಮೂಲ ನೆಲೆ ಸರ್ವರ್. ಫೋನು, ಕಂಪ್ಯೂಟರ್ ಎರಡೂ ಅದನ್ನು ನೋಡುವ ಕಿಟಕಿಗಳು. ಹಾಗಿರುವಾಗ ಪತ್ರ ಬಂದ ಗಳಿಗೆಯಲ್ಲೇ ಸರ್ವರ್‌ನಲ್ಲಿ ಒಮ್ಮೆ ವಿಂಗಡಣೆಯಾದರೆ ಎಲ್ಲ ಕಿಟಕಿಗಳಲ್ಲೂ ಅದೇ ಅಚ್ಚುಕಟ್ಟು ಕಾಣುತ್ತದೆ.

ಆದರೆ ಸರ್ವರ್ ಬೇರೆಯವರ ಮನೆ. ಸಾವಿರಾರು ಜನರ ಟಪಾಲು ಅಲ್ಲಿದೆ. ಅಲ್ಲಿ ನಮ್ಮ ನಿಯಮ ಓಡಬೇಕೆಂದರೆ ಆ ಮನೆಯ ಯಜಮಾನರು ನಮ್ಮನ್ನು ಎಷ್ಟರ ಮಟ್ಟಿಗೆ ಒಳಗೆ ಬಿಡಬೇಕು? 1990ರಲ್ಲಿ ಸ್ಟೀಫನ್ ವ್ಯಾನ್ ಡೆನ್ ಬರ್ಗ್ ಬರೆದ ವಿಂಗಡಣೆಯ ತಂತ್ರಾಂಶ ಪ್ರೊಕ್‌ಮೇಲ್ ಬಲು ಉದಾರವಾಗಿತ್ತು. ಯುನಿಕ್ಸ್ ಯಂತ್ರದಲ್ಲಿ ಖಾತೆ ಇದ್ದವರು ನಿಯಮದೊಳಗಿಂದ ಯಾವ ಪ್ರೋಗ್ರಾಮನ್ನಾದರೂ ಓಡಿಸಬಹುದಿತ್ತು. ಎಲ್ಲರೂ ಪರಿಚಿತರಾದ ವಿಶ್ವವಿದ್ಯಾಲಯದ ಯಂತ್ರಕ್ಕೆ ಅದು ಸರಿ. ಗುರುತಿಲ್ಲದ ಲಕ್ಷ ಜನರ ಖಾತೆಗಳಿರುವ ಸರ್ವರ್‌ಗೆ ಅದು ಅಪಾಯ. ಈ ಬಿಕ್ಕಟ್ಟಿಗೆ ಸಿಕ್ಕ ಉತ್ತರವೇ ಸೀವ್ ಎಂಬ ಪುಟ್ಟ ಭಾಷೆ. ಹೆಸರಿನ ಅರ್ಥವೇ ಜರಡಿ, ನಮ್ಮ ಕಡೆಯ ಸಾಣಿಗೆ. ಟಿಮ್ ಶೋವಾಲ್ಟರ್ ಬರೆದ ಇದರ ಮೊದಲ ಪ್ರಮಾಣ ಆರ್‌ಎಫ್‌ಸಿ 3028 ಎಂಬ ಸಂಖ್ಯೆಯಲ್ಲಿ 2001ರ ಜನವರಿಯಲ್ಲಿ ಬಂತು. ತಿದ್ದಿದ ಆವೃತ್ತಿ, ಆರ್‌ಎಫ್‌ಸಿ 5228, 2008ರ ಜನವರಿಯಲ್ಲಿ. ಆ ತಿದ್ದುಪಡಿಯ ಸಂಪಾದಕರಲ್ಲಿ ಒಬ್ಬರಾದ ಫಿಲಿಪ್ ಗೆಂಥರ್ ಪ್ರೊಕ್‌ಮೇಲ್‌ನ ಪಾಲಕರೂ ಆಗಿದ್ದರು. ಹಳೆಯ ಸಾಧನದ ಬಲವನ್ನೂ ಬಲಹೀನತೆಯನ್ನೂ ಹತ್ತಿರದಿಂದ ಕಂಡವರೇ ಹೊಸದರ ಪ್ರಮಾಣವನ್ನು ತಿದ್ದಿದರು.

ಸೀವ್‌ನ ಹೆಚ್ಚುಗಾರಿಕೆ ಅದಕ್ಕೆ ಬಾರದ ಕೆಲಸಗಳಲ್ಲಿದೆ. ಅದರ ಮೂಲ ಭಾಷೆಯಲ್ಲಿ ಮತ್ತೆ ಮತ್ತೆ ಸುತ್ತುವ ಆವರ್ತನೆ ಇಲ್ಲ, ಹೊರಗಿನ ಪ್ರೋಗ್ರಾಮನ್ನು ಕರೆಯುವ ದಾರಿ ಇಲ್ಲ. ಪತ್ರದ ತಲೆಬರಹಗಳನ್ನು, ಅಂದರೆ ಯಾರಿಂದ, ಯಾರಿಗೆ, ಯಾವ ವಿಷಯ ಎಂಬುದನ್ನು, ಜೊತೆಗೆ ಪತ್ರ ಎಷ್ಟು ದೊಡ್ಡದು ಎಂಬುದನ್ನು ನೋಡುತ್ತದೆ. ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ತೀರ್ಮಾನಿಸುತ್ತದೆ. ಇಟ್ಟುಕೊಳ್ಳುವುದು, ಒಂದು ಫೋಲ್ಡರಿಗೆ ಹಾಕುವುದು, ಬೇರೆ ವಿಳಾಸಕ್ಕೆ ಕಳಿಸುವುದು, ಬಿಸಾಡುವುದು: ಮೂಲದಲ್ಲಿ ಇಷ್ಟೇ ಅದರ ಕೆಲಸ. ಮೇಲಿಂದ ಕೆಳಕ್ಕೆ ಒಮ್ಮೆ ಓದಿದರೆ ಮುಗಿಯಿತು, ಎಂದೂ ಗಿರಕಿ ಹೊಡೆಯುತ್ತ ಸಿಕ್ಕಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ಬರೆಯದೆಯೇ ಅಡಕವಾಗಿದೆ. ಯಾವ ಷರತ್ತೂ ಹೊಂದದಿದ್ದರೆ, ಅಥವಾ ನಿಯಮಗಳ ಬರಹವಾದ ಸ್ಕ್ರಿಪ್ಟ್ ನಡುವೆ ತಪ್ಪಿ ನಿಂತುಹೋದರೆ, ಪತ್ರ ಮಾಮೂಲಿ ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಅನುಮಾನ ಬಂದಾಗ ಬಿಸಾಡದೆ ಉಳಿಸಿಕೊಳ್ಳುವುದು ಈ ಭಾಷೆಯ ಸ್ವಭಾವ. ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ಫ್ರಾನ್ಸಿನಲ್ಲಿ ತೋರಿಸಿದ ಮಗ್ಗವನ್ನು ಇಲ್ಲಿ ನೆನೆಯಬಹುದು. ಅಲ್ಲಿ ವಿನ್ಯಾಸ ಮಗ್ಗದೊಳಗೆ ಹುದುಗಿರಲಿಲ್ಲ, ತೂತು ಕೊರೆದ ರಟ್ಟಿನ ಪಟ್ಟಿಗಳಲ್ಲಿ ಹೊರಗಿತ್ತು. ಮಗ್ಗ ಅದೇ, ಪಟ್ಟಿ ಬದಲಾದರೆ ಸೆರಗು ಬದಲು. ಪಟ್ಟಿ ಹೇಳಬಲ್ಲದ್ದು ಯಾವ ಹಾಸಿನ ಎಳೆ ಏಳಬೇಕು, ಯಾವುದು ಏಳಬಾರದು ಎಂಬುದನ್ನು ಮಾತ್ರ. ಅಷ್ಟು ಕಿರಿದಾದ ಭಾಷೆಯಾದ್ದರಿಂದಲೇ ಯಾರೋ ಕೊರೆದ ಪಟ್ಟಿಯನ್ನು ಇನ್ಯಾರದೋ ಮಗ್ಗಕ್ಕೆ ಹೆದರದೆ ಏರಿಸಬಹುದು. ಸೀವ್ ಸ್ಕ್ರಿಪ್ಟಿನ ಮೇಲೆ ಸರ್ವರ್‌ನ ಯಜಮಾನರಿಗೆ ಬಂದ ಭರವಸೆಯೂ ಇಂಥದ್ದೇ.

ಪಟ್ಟಿಯನ್ನು ಮಗ್ಗಕ್ಕೆ ಏರಿಸಲು ಒಂದು ಕ್ರಮ ಬೇಕು. ಅದನ್ನು ಮ್ಯಾನೇಜ್‌ಸೀವ್ ಎನ್ನುತ್ತಾರೆ; ಅಲೆಕ್ಸಿ ಮೆಲ್ನಿಕೋವ್ ಮತ್ತು ಟಿಮ್ ಮಾರ್ಟಿನ್ ಬರೆದ ಆರ್‌ಎಫ್‌ಸಿ 5804 ಆಗಿ 2010ರ ಜುಲೈನಲ್ಲಿ ಪ್ರಕಟವಾಯಿತು. ಅದಕ್ಕೆ ಮೀಸಲಾದ ಬಾಗಿಲು ಸರ್ವರ್‌ನ 4190ನೇ ಪೋರ್ಟ್. ಸೀವ್-ಕನೆಕ್ಟ್, ಸೀವ್‌ಶೆಲ್‌ನಂಥ ಸಣ್ಣ ಉಪಕರಣಗಳು ಕಮಾಂಡ್ ಲೈನಿನಿಂದ, ಅಂದರೆ ಆಜ್ಞೆಗಳನ್ನು ಅಕ್ಷರದಲ್ಲಿ ಬರೆದು ಕೊಡುವ ಪರದೆಯಿಂದ, ಆ ಬಾಗಿಲು ತಟ್ಟುತ್ತವೆ. ಸರ್ವರ್ ಮೊದಲು ತನಗೆ ಬರುವ ವಿದ್ಯೆಗಳ ಪಟ್ಟಿ ಓದುತ್ತದೆ. ಸಂಪರ್ಕಕ್ಕೆ ಗೂಢಲಿಪಿಯ ಬೀಗ ಬೀಳುತ್ತದೆ, ಆಮೇಲೆ ಗುರುತಿನ ಪರೀಕ್ಷೆ. ಅಲ್ಲಿಂದ ಮುಂದೆ ಕೆಲವೇ ಆಜ್ಞೆಗಳು: ಇರುವ ಸ್ಕ್ರಿಪ್ಟುಗಳನ್ನು ತೋರಿಸು, ಒಂದನ್ನು ಇಳಿಸಿಕೊಡು, ಹೊಸದನ್ನು ತೆಗೆದುಕೋ, ಬರಿದೆ ಪರೀಕ್ಷಿಸಿ ಹೇಳು, ಇದನ್ನು ಚಾಲ್ತಿಗೆ ತಾ, ಅದನ್ನು ಅಳಿಸು. ಈ ಆಜ್ಞೆಗಳ ಹಿಂದೆ ಎಚ್ಚರದ ಕಟ್ಟಳೆಗಳಿವೆ. ಹೊಸ ಸ್ಕ್ರಿಪ್ಟಿನಲ್ಲಿ ವ್ಯಾಕರಣದ ತಪ್ಪಿದ್ದರೆ ಸರ್ವರ್ ಅದನ್ನು ತಿರಸ್ಕರಿಸಬೇಕು; ಅದೇ ಹೆಸರಿನ ಹಳೆಯದು ಕದಲಕೂಡದು. ಎಷ್ಟೇ ಸ್ಕ್ರಿಪ್ಟುಗಳನ್ನು ಇಟ್ಟಿದ್ದರೂ ಚಾಲ್ತಿಯಲ್ಲಿರುವುದು ಹೆಚ್ಚೆಂದರೆ ಒಂದೇ. ಚಾಲ್ತಿಯಲ್ಲಿರುವುದನ್ನು ಅಳಿಸಲು ಹೋದರೆ ಸರ್ವರ್ ಒಪ್ಪುವುದಿಲ್ಲ. ಹಾಗಾಗಿ ಹೊಸ ನಿಯಮವನ್ನು ಬೇರೆ ಹೆಸರಲ್ಲಿ ಏರಿಸಿ, ಪರೀಕ್ಷಿಸಿ, ಒಂದೇ ಆಜ್ಞೆಯಲ್ಲಿ ಚಾಲ್ತಿಗೆ ತರಬಹುದು. ಕೆಟ್ಟರೆ ಇನ್ನೊಂದು ಆಜ್ಞೆಯಲ್ಲಿ ಹಳೆಯದಕ್ಕೆ ಮರಳಬಹುದು. ಈ ನಡುವೆ ಬಂದ ಟಪಾಲಿಗೆ ನಿಯಮವೇ ಇಲ್ಲ ಎಂಬ ಗಳಿಗೆ ಬರುವುದಿಲ್ಲ.

ಇಷ್ಟಕ್ಕೆ ಕಮಾಂಡ್ ಲೈನೇ ಏಕೆ ಬೇಕು? ಕಮಾಂಡ್ ಲೈನಿನಲ್ಲಿ ನಿಯಮ ಒಂದು ಕಡತ. ಕಡತವನ್ನು ಓದಬಹುದು, ಮುದ್ರಿಸಬಹುದು, ಹಳೆಯದರ ಪಕ್ಕಕ್ಕಿಟ್ಟು ಯಾವ ಸಾಲು ಬದಲಾಗಿದೆ ಎಂದು ಹೋಲಿಸಬಹುದು, ಗಿಟ್‌ನಂಥ ವ್ಯವಸ್ಥೆಯಲ್ಲಿ ಯಾರು, ಯಾವತ್ತು, ಏಕೆ ತಿದ್ದಿದರು ಎಂಬ ಚರಿತ್ರೆಯೊಂದಿಗೆ ಕಾಪಿಡಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ಈ ಸೀಮೆಗೆ ಠರಾವಿನ ಬೆಲೆ ಗೊತ್ತು. ಸಂಘದ ಹಣ ಹೇಗೆ ಹಂಚಬೇಕೆಂಬ ತೀರ್ಮಾನ ಅಧ್ಯಕ್ಷರ ನೆನಪಿನಲ್ಲಿದ್ದರೆ ಸಾಲದು, ನಡವಳಿ ಪುಸ್ತಕದಲ್ಲಿ ತಾರೀಖು ಸಹಿತ ಇರಬೇಕು. ಸಂಘದ ಟಪಾಲು ಹೇಗೆ ಹಂಚಬೇಕೆಂಬುದೂ ಅಂಥದೇ ತೀರ್ಮಾನ. ಬ್ಯಾಂಕಿನ ಪತ್ರ ಯಾರ ಕಣ್ಣಿಗೆ ಮೊದಲು ಬೀಳಬೇಕು, ಯಾರ ವಿಚಾರಣೆ ಮೂಲೆಯ ಫೋಲ್ಡರಿಗೆ ಹೋಗಬೇಕು ಎಂಬುದರಲ್ಲಿ ಅಧಿಕಾರ ಅಡಗಿದೆ. ಕಾರ್ಯದರ್ಶಿ ಬದಲಾದಾಗ ಹೊಸಬರ ಕೈಗೆ ಪಾಸ್‌ವರ್ಡ್ ಮಾತ್ರ ಬಂದು ಆ ತೀರ್ಮಾನಗಳ ಕಾರಣ ಬಾರದಿದ್ದರೆ, ಅವರು ನಡೆಸುವುದು ಕಾಣದ ಕಟ್ಟಳೆಗಳ ಕಚೇರಿಯನ್ನು. ಸೀವ್ ಕಡತದಲ್ಲಿ ಪ್ರತಿ ನಿಯಮದ ಮೇಲೂ ಟಿಪ್ಪಣಿ ಬರೆಯಲು ಜಾಗವಿದೆ. ಕಡತದ ಲಿಪಿ ಯೂನಿಕೋಡಿನ ಯುಟಿಎಫ್-8 ಆದ್ದರಿಂದ ಆ ಟಿಪ್ಪಣಿ ಕನ್ನಡದಲ್ಲೇ ಇರಬಹುದು.

ಕನ್ನಡದ ಮಾತು ಬಂದಾಗ ಈ ವಾದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಸಿಗುತ್ತದೆ. ಇ-ಮೇಲಿನ ತಲೆಬರಹ ಮೂಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆಂದೇ ಆದದ್ದು. ಅದರಲ್ಲಿ ಕನ್ನಡ ಸಾಗಬೇಕಾದರೆ ಸಾಮಾನ್ಯವಾಗಿ ವೇಷ ಮರೆಸಿಕೊಂಡು ಹೋಗುತ್ತದೆ. ‘ನೂಲು’ ಎಂಬ ಪದವನ್ನು ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದು ನಾಲ್ಕು ಘಟಕ: ನ, ಊಕಾರದ ಗುರುತು, ಲ, ಉಕಾರದ ಗುರುತು. ಪ್ರತಿ ಘಟಕಕ್ಕೆ ಮೂರು ಬೈಟ್, ಒಟ್ಟು 12. ಬೇಸ್-64 ಎಂಬ ವೇಷದಲ್ಲಿ ಅದು 16 ಇಂಗ್ಲಿಷ್ ಚಿಹ್ನೆಗಳ ಸಾಲಾಗುತ್ತದೆ, ನಾಲ್ಕು ಗುಂಪುಗಳೂ 4 ಎಂಬ ಅಂಕಿ ಮತ್ತು ಎಲ್ ಎಂಬ ಅಕ್ಷರದಿಂದಲೇ ಶುರುವಾಗುತ್ತವೆ. ಪ್ರೊಕ್‌ಮೇಲ್ ತಾನಾಗಿ ನೋಡುತ್ತಿದ್ದುದು ಈ ವೇಷವನ್ನೇ. ‘ನೂಲು’ ಎಂದು ನಿಯಮ ಬರೆದರೆ ಅದಕ್ಕೆ ಹೊಂದುವ ಪತ್ರ ಸಿಗುತ್ತಿರಲಿಲ್ಲ. ಸೀವ್‌ನ ಪ್ರಮಾಣವಾದರೋ ತಲೆಬರಹದ ವೇಷ ಕಳಚಿ ಯೂನಿಕೋಡಿಗೆ ತಂದು ಹೋಲಿಸಬೇಕೆನ್ನುತ್ತದೆ. ಹಳೆಯ ಪುಲಿಗೆರೆಯಾದ ಲಕ್ಷ್ಮೇಶ್ವರದ ಸೀಮೆಯನ್ನು ತಿರುಳ್ಗನ್ನಡದ ನೆಲವೆಂದು ಕವಿರಾಜಮಾರ್ಗ ಗುರುತಿಸಿತ್ತು. ಆ ನೆಲದವರು ತಮ್ಮ ನುಡಿಯಲ್ಲೇ ಟಪಾಲಿನ ನಿಯಮ ಬರೆಯಬಹುದೆಂಬುದು ಸಣ್ಣ ಮಾತಲ್ಲ.

ಆದರೆ ವೇಷ ಕಳಚಿದ ಮಾತ್ರಕ್ಕೆ ಕನ್ನಡ ಸಲೀಸಾಗುವುದಿಲ್ಲ. ‘ವಿಷಯದಲ್ಲಿ ಹಣ ಎಂದಿದ್ದರೆ ಲೆಕ್ಕದ ಫೋಲ್ಡರಿಗೆ ಹಾಕು’ ಎಂದು ನಿಯಮ ಬರೆದರೆ ‘ಹಣ್ಣು’ ಎಂದಿರುವ ಪತ್ರವೂ ಅಲ್ಲಿಗೇ ಹೋಗುತ್ತದೆ. ನಮ್ಮ ಕಣ್ಣಿಗೆ ಹಣ ಬೇರೆ, ಹಣ್ಣು ಬೇರೆ. ಯಂತ್ರಕ್ಕೆ ಹಣ್ಣು ಎಂದರೆ ಹ, ಣ, ವಿರಾಮದ ಗುರುತು, ಮತ್ತೆ ಣ, ಉಕಾರ. ಮೊದಲೆರಡು ಘಟಕ ಹೊಂದಿದರೆ ಅದಕ್ಕೆ ಸಾಕು. ಇದೇ ಕಾರಣಕ್ಕೆ ‘ಸಾಲ’ವನ್ನು ಹುಡುಕಿದರೆ ‘ಸಾಲು’ ಕೂಡ ಸಿಗುತ್ತದೆ. ತಿರುಗಿಸಿ ನೋಡಿದರೆ ಇದೇ ಗುಣ ವರವೂ ಹೌದು. ‘ನೂಲು’ ಎಂದು ಹುಡುಕಿದರೆ ‘ನೂಲಿನ ದರ’ ತಪ್ಪಿಹೋಗುತ್ತದೆ, ವಿಭಕ್ತಿ ಸೇರಿದಾಗ ಉಕಾರ ಕಳಚಿ ಬೀಳುವುದರಿಂದ. ‘ನೂಲ’ ಎಂದು ನಿಲ್ಲಿಸಿದರೆ ನೂಲು, ನೂಲಿನ, ನೂಲಿಗೆ ಎಲ್ಲವೂ ಸಿಗುತ್ತವೆ. ‘ಸೀರ’ ಎಂದು ಬರೆದರೆ ಸೀರೆಯೂ ಆಡುಮಾತಿನ ಸೀರಿಯೂ ಸಿಗುತ್ತವೆ. ಜೊತೆಗೆ ಔಷಧಿಯ ಸೀರಮ್ಮೂ ಬರುತ್ತದೆ. ಇನ್ನೊಂದು ತೊಡಕು ಕಣ್ಣಿಗೇ ಕಾಣದ್ದು. ಓಕಾರದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಘಟಕವಾಗಿಯೂ, ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳನ್ನು ಇದ್ದಂತೆಯೇ ಹೋಲಿಸಿದರೆ ಬೇರೆ ಬೇರೆ. ಇದನ್ನು ಸರಿದೂಗಿಸುವ ಯೂನಿಕೋಡ್ ಹೋಲಿಕೆಯ ಕ್ರಮವೊಂದು ಆರ್‌ಎಫ್‌ಸಿ 5051ರಲ್ಲಿ 2007ರಿಂದ ಇದೆ. ಸರ್ವರ್‌ಗೆ ಅದು ಬರುತ್ತದೆಯೇ ಎಂಬುದನ್ನು ಸ್ಕ್ರಿಪ್ಟ್ ಏರಿಸಿ ಪರೀಕ್ಷಿಸಿದರೆ ತಿಳಿಯುತ್ತದೆ. ‘ಇಂಥ ಪದವಿದ್ದರೆ ಇಂಥ ಫೋಲ್ಡರ್’ ಎಂದು ಗುಂಡಿ ಒತ್ತುವ ವೆಬ್ ಪುಟ ಈ ಯಾವ ವಿವರವನ್ನೂ ತೋರಿಸುವುದಿಲ್ಲ. ಹಣ್ಣಿನ ಪತ್ರ ಲೆಕ್ಕದ ಫೋಲ್ಡರಿಗೆ ಏಕೆ ಹೋಯಿತೆಂದು ತಿಳಿಯಬೇಕಾದರೆ ಪದ, ಹೋಲಿಕೆಯ ಬಗೆ, ನಿಯಮಗಳ ಸರದಿ ಮೂರೂ ಕಣ್ಣೆದುರು ಇರಬೇಕು.

ಪದಗಳನ್ನು ನೆಚ್ಚುವುದಕ್ಕಿಂತ ಗುರುತುಗಳನ್ನು ನೆಚ್ಚುವುದು ಮೇಲು ಎಂಬ ಪಾಠವೂ ಇಲ್ಲಿದೆ. ಅದಕ್ಕೆ ಶಿಗ್ಲಿಯ ವಿಳಾಸವೇ ಸಾಕ್ಷಿ. 1997ರಲ್ಲಿ ಗದಗ ಹೊಸ ಜಿಲ್ಲೆಯಾಗುವವರೆಗೆ ಈ ಊರಿನ ವಿಳಾಸದಲ್ಲಿ ಧಾರವಾಡ ಜಿಲ್ಲೆ ಎಂದಿರುತ್ತಿತ್ತು. ಲಕ್ಷ್ಮೇಶ್ವರ ತಾಲ್ಲೂಕಾಗುವವರೆಗೆ ಶಿರಹಟ್ಟಿ ತಾಲ್ಲೂಕು ಎಂದಿರುತ್ತಿತ್ತು. ಜಿಲ್ಲೆ, ತಾಲ್ಲೂಕಿನ ಹೆಸರನ್ನೇ ನೆಚ್ಚಿ ಬರೆದ ನಿಯಮ ಎರಡು ಬಾರಿ ಹಳಸುತ್ತಿತ್ತು. ಇ-ಮೇಲಿನಲ್ಲೂ ಹೀಗೇ. ಕಳಿಸುವವರು ವಿಷಯದ ಸಾಲನ್ನು ತಮಗೆ ತೋಚಿದಂತೆ ಬದಲಿಸುತ್ತಾರೆ. ಗುಂಪಿಗೆ ಹೋಗುವ ಪತ್ರಗಳಲ್ಲಿರುವ ಲಿಸ್ಟ್-ಐಡಿ ಎಂಬ ತಲೆಬರಹ ಮಾತ್ರ ಬಹುಮಟ್ಟಿಗೆ ಸ್ಥಿರ. 2001ರ ಆರ್‌ಎಫ್‌ಸಿ 2919 ಅದನ್ನು ನಿಗದಿ ಮಾಡಿತು. ವಿಷಯದಲ್ಲಿ ‘ಸುತ್ತೋಲೆ’ ಎಂಬ ಪದ ಹುಡುಕುವುದಕ್ಕಿಂತ ಇಂಥ ಗುರುತನ್ನು, ಇಲ್ಲವೇ ಕಳಿಸಿದ ವಿಳಾಸದ ಡೊಮೇನನ್ನು ನೋಡುವ ನಿಯಮ ಹೆಚ್ಚು ಬಾಳುತ್ತದೆ. ಆದರೂ ಯಾವ ನಿಯಮವೂ ಚಿರಂಜೀವಿ ಅಲ್ಲ. ಹಳಸಿದ ನಿಯಮವನ್ನು ಕಂಡುಹಿಡಿಯಲು ಅದು ಕಾಣುವಂತಿರಬೇಕು, ತಾರೀಖು ಹೊತ್ತಿರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಸಂಘದ ಗುಮಾಸ್ತರಿಗೆ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಆಜ್ಞೆ ಕೊಡುವುದು ಹೇಗೆ ಸಾಧ್ಯ? ವೆಬ್ ಪುಟದ ನಮೂನೆ ಅವರಿಗೆ ಸಾಲದೆ? ದಿನನಿತ್ಯಕ್ಕೆ ಖಂಡಿತ ಸಾಕು. ಮೇಲ್ ಸೇವೆಗಳ ಎಷ್ಟೋ ನಮೂನೆಗಳು ಒಳಗೊಳಗೇ ಸೀವ್ ಸ್ಕ್ರಿಪ್ಟನ್ನೇ ಬರೆಯುತ್ತವೆ. ಎಲ್ಲರೂ ಕಮಾಂಡ್ ಲೈನ್ ಕಲಿಯಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆ ದಾರಿ ತೆರೆದಿರಬೇಕು ಎಂಬುದಷ್ಟೇ ಮಾತು. ಸಂಘದ ಲೆಕ್ಕಪತ್ರವನ್ನು ಎಲ್ಲ ಸದಸ್ಯರೂ ಓದುವುದಿಲ್ಲ, ಆದರೂ ಓದುವ ಹಕ್ಕು ಎಲ್ಲರಿಗೂ ಇದೆ, ಓದಬಲ್ಲ ಒಬ್ಬರಿದ್ದರೆ ಎಲ್ಲರಿಗೂ ರಕ್ಷಣೆ. ಇಪ್ಪತ್ತು ಸಾಲಿನ ಸೀವ್ ಕಡತವನ್ನು ಕಾಲೇಜು ಓದುವ ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ಅರ್ಥ ಮಾಡಿಕೊಂಡು ಉಳಿದವರಿಗೆ ಕನ್ನಡದಲ್ಲಿ ಹೇಳಬಲ್ಲಳು. ಅದಕ್ಕೆ ಬೇಕಾದ ಪದಗಳು ಎರಡು ಡಜನ್ ದಾಟುವುದಿಲ್ಲ.

ಎರಡನೆಯ ಆಕ್ಷೇಪ ಇಂದಿನದು. ಕಲಿಯುವ ಯಂತ್ರಗಳು ಟಪಾಲನ್ನು ತಾವೇ ಅರ್ಥ ಮಾಡಿಕೊಂಡು ವಿಂಗಡಿಸುತ್ತಿರುವಾಗ ಕೈಯಾರೆ ನಿಯಮ ಬರೆಯುವುದೇಕೆ? ಕಸದ ಟಪಾಲನ್ನು ಗುರುತಿಸುವಲ್ಲಿ ಸಂಭವನೀಯತೆಯ ಗಣಿತ ನೆಚ್ಚಿದ ಸೋಸುಕಗಳು ಗೆದ್ದಿರುವುದು ನಿಜ, ಆ ಗೆಲುವನ್ನು ಒಪ್ಪಲೇಬೇಕು. ಮೋಸಗಾರರು ದಿನಕ್ಕೊಂದು ವೇಷ ಹಾಕುವುದರಿಂದ ಬರೆದಿಟ್ಟ ನಿಯಮ ಅಲ್ಲಿ ಹಿಂದೆ ಬೀಳುತ್ತದೆ. ಆದರೆ ‘ಇದು ಕಸ ಇರಬಹುದೇ’ ಎಂಬುದು ಊಹೆ, ‘ಕಸ ಎನಿಸಿದ್ದನ್ನು ಏನು ಮಾಡಬೇಕು’ ಎಂಬುದು ತೀರ್ಮಾನ. ಊಹೆಯನ್ನು ಯಂತ್ರಕ್ಕೆ ಬಿಡಬಹುದು, ತೀರ್ಮಾನ ನಮ್ಮದಾಗಿರಬೇಕು. ಸೀವ್‌ನ ಸ್ಪ್ಯಾಮ್‌ಟೆಸ್ಟ್ ಎಂಬ ವಿಸ್ತರಣೆ ಈ ಗೆರೆಯನ್ನು ಚೊಕ್ಕವಾಗಿ ಎಳೆಯುತ್ತದೆ. ಸೋಸುಕದ ಅನುಮಾನವನ್ನು ಅದು 1ರಿಂದ 10ರವರೆಗಿನ ಅಂಕವಾಗಿ ನಿಯಮದ ಮುಂದಿಡುತ್ತದೆ. ಪರೀಕ್ಷೆಯೇ ಆಗಿರದಿದ್ದರೆ 0. ಸೀರೆ ಕೊಳ್ಳಲು ಬಯಸುವ ಅಪರಿಚಿತರ ಪತ್ರವೂ ಯಂತ್ರಕ್ಕೆ ಅನುಮಾನಾಸ್ಪದ ಅನಿಸಬಹುದು. ಆದ್ದರಿಂದ 10 ಬಂದದ್ದನ್ನೂ ಬಿಸಾಡದೆ ಒಂದು ಫೋಲ್ಡರಿನಲ್ಲಿಡು ಎಂದು ಸಂಘ ನಿರ್ಧರಿಸಬಹುದು. ಆ ನಿರ್ಧಾರಕ್ಕೆ ಒಂದೇ ಸಾಲು ಸಾಕು.

ಮೂರನೆಯದು ಅಪಾಯದ ಮಾತು. ಕೈಯಾರೆ ಬರೆದ ನಿಯಮ ತಪ್ಪಿದರೆ ಪತ್ರ ಕಳೆದುಹೋಗುವುದಿಲ್ಲವೇ? ಹೋಗಬಹುದು. ಸರ್ವರ್ ಹಿಡಿಯುವುದು ವ್ಯಾಕರಣದ ತಪ್ಪನ್ನು ಮಾತ್ರ. ಅರ್ಥದ ತಪ್ಪನ್ನು ಅದು ಹಿಡಿಯಲಾರದು. ಒಂದು ತಪ್ಪು ಪಟ್ಟಿ ಮಗ್ಗದಲ್ಲಿ ಉಳಿದರೆ ವಿನ್ಯಾಸ ಮರಳಿದಾಗೆಲ್ಲ ಅದೇ ಜಾಗದಲ್ಲಿ ಅದೇ ಎಳೆ ತಪ್ಪುತ್ತದೆ. ನಿಯಮದ ತಪ್ಪೂ ಹಾಗೆ ದಣಿವಿಲ್ಲದೆ ಮರುಕಳಿಸುತ್ತದೆ. ಆದರೆ ಇದಕ್ಕೆ ಮದ್ದು ಇರುವುದೂ ಕಡತದ ದಾರಿಯಲ್ಲೇ. ಡವ್‌ಕಾಟ್ ಸರ್ವರ್‌ನ ಪಿಜನ್‌ಹೋಲ್ ಎಂಬ ಸೀವ್ ಅಂಗದ ಜೊತೆ ಸೀವ್-ಟೆಸ್ಟ್ ಎಂಬ ಉಪಕರಣ ಬರುತ್ತದೆ. ಉಳಿಸಿಟ್ಟ ಒಂದು ಪತ್ರವನ್ನೂ ಸ್ಕ್ರಿಪ್ಟನ್ನೂ ಅದರ ಮುಂದಿಟ್ಟರೆ, ಯಾವ ಪತ್ರವನ್ನೂ ಕದಲಿಸದೆ, ‘ಇದು ಇಂಥ ಫೋಲ್ಡರಿಗೆ ಹೋಗುತ್ತಿತ್ತು’ ಎಂದು ಹೇಳುತ್ತದೆ. ಹಣದ ಪತ್ರ ಒಂದು, ಹಣ್ಣಿನ ಪತ್ರ ಒಂದು, ನೂಲಿನ ದರಪಟ್ಟಿ ಒಂದು ಉಳಿಸಿಟ್ಟುಕೊಂಡು ಪ್ರತಿ ತಿದ್ದುಪಡಿಯ ಮೊದಲು ಮೂರನ್ನೂ ಸಾಣಿಸಿ ನೋಡಬಹುದು. ಬಿಸಾಡು ಎಂಬ ಆಜ್ಞೆಯನ್ನು ಬರೆಯುವ ಬದಲು ಬೇರೆ ಫೋಲ್ಡರಿಗೆ ಹಾಕು ಎಂದು ಬರೆದರೆ ಅರ್ಧ ಅಪಾಯ ಅಲ್ಲೇ ತೀರುತ್ತದೆ.

ಎಲ್ಲ ಸೇವೆಗಳೂ ಈ ಬಾಗಿಲು ತೆರೆದಿಲ್ಲ. ಜಿಮೇಲ್ ಸೀವ್ ಭಾಷೆಯನ್ನು ಒಪ್ಪುವುದಿಲ್ಲ. ಅದರ ಫಿಲ್ಟರುಗಳು ಅದರದೇ ಬಗೆಯವು, ಅವನ್ನು ಕಡತವಾಗಿ ಹೊರತೆಗೆಯಬಹುದಾದರೂ ಬೇರೆ ಸರ್ವರ್ ಅದನ್ನು ನೇರವಾಗಿ ಓದಲಾರದು. ಫಾಸ್ಟ್‌ಮೇಲ್, ಪ್ರೋಟಾನ್‌ನಂಥ ಸೇವೆಗಳಲ್ಲಿ ಸೀವ್ ನಿಯಮಗಳನ್ನು ನಾವೇ ಬರೆಯಬಹುದು. ಡವ್‌ಕಾಟ್, ಸೈರಸ್ ಸರ್ವರ್‌ಗಳನ್ನು ಸ್ವಂತವಾಗಿ ನಡೆಸುವ ಸಂಸ್ಥೆ 4190ರ ಬಾಗಿಲನ್ನೇ ತೆರೆದಿಡಬಹುದು. ಸಂಸ್ಥೆಯೊಂದು ಮೇಲ್ ಸೇವೆಯನ್ನು ಆರಿಸುವಾಗ ಜಾಗ ಎಷ್ಟು, ಬೆಲೆ ಎಷ್ಟು ಎಂದು ಕೇಳುತ್ತದೆ. ನಾವು ಬರೆದ ನಿಯಮಗಳನ್ನು ಹೊರಟಾಗ ಜೊತೆಗೆ ಒಯ್ಯಬಹುದೇ ಎಂಬ ಪ್ರಶ್ನೆಯನ್ನೂ ಅಲ್ಲಿ ಸೇರಿಸಬೇಕು. ಮಗ್ಗ ಬಾಡಿಗೆಯದಾದರೂ ಪಟ್ಟಿ ನೇಕಾರರದೇ ಆಗಿದ್ದರೆ, ನಾಳೆ ಇನ್ನೊಂದು ಮಗ್ಗದಲ್ಲಿ ಅದೇ ಸೆರಗು ಮೂಡುತ್ತದೆ.